ಅಪರೂಪದ ಹೆಬ್ಬಾವು ಮತ್ತು ಬಣ್ಣದ ಹೆಬ್ಬಾವು: ಎರಡರ ಮರಿ ಮಾಡಿಸಿದ ನನ್ನ ಅನುಭವ

ಟೆಕ್ಸಸ್‌ನ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ನಾನು ಆಫ್ರಿಕದ ಎರಡು ಜಾತಿಯ ಹೆಬ್ಬಾವುಗಳನ್ನು ಸಾಕಿ, ಮರಿ ಮಾಡಿಸುತ್ತಿದ್ದೇನೆ. ಒಂದು, ಹಾವು ಸಾಕುವವರಿಗೆಲ್ಲ ಪರಿಚಿತವಾದ ಬಾಲ್ ಪೈಥಾನ್. ಘಾನಾ, ಟೋಗೊ, ಬೆನಿನ್ ಮುಂತಾದ ದೇಶಗಳ ಹುಲ್ಲುಗಾವಲು ಮತ್ತು ಹೊಲಗಳಲ್ಲಿ ಇಲಿಯ ಬಿಲಗಳನ್ನು ಆಶ್ರಯಿಸಿ ಬದುಕುವ, ಹೆದರಿದಾಗ ತಲೆಯನ್ನು ಒಳಗಿಟ್ಟು ಉಂಡೆಯಂತೆ ಸುತ್ತಿಕೊಳ್ಳುವ ಗಿಡ್ಡ ಹಾವು. ಇನ್ನೊಂದು, ಅದಕ್ಕೆ ತೀರ ಹತ್ತಿರದ ಸಂಬಂಧಿಯಾಗಿದ್ದರೂ ಹೆಚ್ಚಿನವರು ಕಣ್ಣಾರೆ ಕಂಡಿರದ ಅಂಗೋಲಾ ಹೆಬ್ಬಾವು. ದಕ್ಷಿಣ ಅಂಗೋಲಾ ಮತ್ತು ಉತ್ತರ ನಮೀಬಿಯಾದ ಒಣ ಬಂಡೆಗುಡ್ಡಗಳು ಅದರ ನೆಲೆ. ಎರಡಕ್ಕೂ ಬೇಕಾದ ಪೆಟ್ಟಿಗೆ, ಥರ್ಮೋಸ್ಟಾಟ್, ಇನ್‌ಕ್ಯುಬೇಟರ್, ಇಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರಲ್ಲಿ ನಾನು ಮುಂದೆ ಹುಟ್ಟಲಿರುವ ಮರಿಯ ಬಣ್ಣವನ್ನು ಲೆಕ್ಕ ಹಾಕುತ್ತೇನೆ, ಎರಡನೆಯದರಲ್ಲಿ ಹಿಂದಿನ ತಲೆಮಾರುಗಳನ್ನು ಲೆಕ್ಕ ಹಾಕುತ್ತೇನೆ. ಈ ವ್ಯತ್ಯಾಸ ಪೂರ್ತಿಯಾಗಿ ಅರ್ಥವಾಗಲು ನನಗೆ ಕೆಲವು ವರ್ಷಗಳೇ ಬೇಕಾದವು.

ಬಾಲ್ ಪೈಥಾನ್‌ನ ಬಣ್ಣದ ತಳಿಗಳನ್ನು ಇಲ್ಲಿ ಮಾರ್ಫ್ ಎನ್ನುತ್ತಾರೆ. 1992ರಲ್ಲಿ ಅಮೆರಿಕದ ಹಾವು ಸಾಕಣೆದಾರ ಬಾಬ್ ಕ್ಲಾರ್ಕ್ ಅವರು ಬಿಳಿ–ಹಳದಿ ಮೈಯ ಆಲ್ಬಿನೊ ಗುಣ ವಂಶಪಾರಂಪರ್ಯವಾಗಿ ಇಳಿದುಬರುತ್ತದೆ ಎಂಬುದನ್ನು ತಮ್ಮಲ್ಲಿ ಹುಟ್ಟಿದ ಮರಿಗಳ ಮೂಲಕವೇ ತೋರಿಸಿದ ಮೇಲೆ ಈ ಹವ್ಯಾಸದ ದಿಕ್ಕೇ ಬದಲಾಯಿತು. ಅದುವರೆಗೆ ಅಗ್ಗದ ಆಮದು ಹಾವಾಗಿದ್ದ ಬಾಲ್ ಪೈಥಾನ್ ಅಲ್ಲಿಂದಾಚೆಗೆ ವಂಶವಾಹಿಗಳ ಲೆಕ್ಕದ ಹಾವಾಯಿತು. ಆ ಲೆಕ್ಕ ಹೀಗಿದೆ: ಹೊರಗೆ ಕಾಣದ ಒಂದು ಗುಣವನ್ನು ಹೊತ್ತ ಗಂಡು–ಹೆಣ್ಣು ಕೂಡಿದರೆ ಪ್ರತಿಯೊಂದು ಮೊಟ್ಟೆಯಲ್ಲಿಯೂ ಆ ಗುಣ ಮೈಮೇಲೆ ಕಾಣುವ ಮರಿ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಎರಡು ಗುಣಗಳು ಒಂದೇ ಮರಿಯಲ್ಲಿ ಕಾಣಬೇಕೆಂದರೆ ಹದಿನಾರರಲ್ಲಿ ಒಂದು. ಬಾಲ್ ಪೈಥಾನ್ ಒಂದು ಸಲಕ್ಕೆ ಸುಮಾರು ಆರು ಮೊಟ್ಟೆಗಳನ್ನಷ್ಟೇ ಇಡುವುದರಿಂದ, ಬಯಸಿದ ಮರಿಯನ್ನು ಪಡೆಯಲು ಹಲವು ಹೆಣ್ಣುಗಳನ್ನು ಸಾಕಬೇಕಾಗುತ್ತದೆ, ಇಲ್ಲವೇ ಹಲವು ವರ್ಷ ಕಾಯಬೇಕಾಗುತ್ತದೆ.

ಮಾರ್ಫ್ ಕೆಲಸದಲ್ಲಿ ನಾನು ಗೌರವಿಸುವ ಅಂಶವೂ ಒಂದಿದೆ. ಬನಾನಾ ಎಂಬ ತಳಿಯಲ್ಲಿ, ಆ ಬಣ್ಣ ತಾಯಿಯಿಂದ ಬಂದ ಗಂಡಿಗೆ ಬಹುಪಾಲು ಬನಾನಾ ಹೆಣ್ಣುಮರಿಗಳೂ ತಂದೆಯಿಂದ ಬಂದ ಗಂಡಿಗೆ ಬಹುಪಾಲು ಬನಾನಾ ಗಂಡುಮರಿಗಳೂ ಹುಟ್ಟುವುದನ್ನು ಸಾಕಣೆದಾರರು ತಮ್ಮ ದಾಖಲೆಗಳಲ್ಲಿ ಗಮನಿಸಿದ್ದರು. ಎಲ್ಲ ಹಾವುಗಳಲ್ಲಿಯೂ ಪಕ್ಷಿಗಳ ಹಾಗೆ ಹೆಣ್ಣೇ ಲಿಂಗವನ್ನು ನಿರ್ಧರಿಸುತ್ತದೆ ಎಂದು ದೀರ್ಘಕಾಲ ನಂಬಲಾಗಿತ್ತು. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೆಬ್ಬಾವುಗಳಲ್ಲಿ ಮನುಷ್ಯರಲ್ಲಿರುವಂತೆ ಎಕ್ಸ್–ವೈ ವ್ಯವಸ್ಥೆ ಇದೆ, ಅಂದರೆ ಗಂಡೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ ಎಂದು ತೋರಿಸಿತು; ಬನಾನಾದ ದಾಖಲೆಗಳು ಇದಕ್ಕೆ ಸರಿಯಾಗಿ ಹೊಂದುತ್ತವೆ. ಮನೆಯಲ್ಲಿ ಹಾವು ಸಾಕುವವರು ಶ್ರದ್ಧೆಯಿಂದ ಬರೆದಿಟ್ಟ ಟಿಪ್ಪಣಿಗಳಿಗೆ ಇಂಥ ಬೆಲೆಯೂ ಇದೆ.

ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಸ್ಪೈಡರ್ ಎಂಬ ತಳಿಯ ಮೈಮೇಲಿನ ಜೇಡರಬಲೆಯಂಥ ವಿನ್ಯಾಸ ನೋಡಲು ಸುಂದರವಾಗಿದೆ, ಆದರೆ ಅದೇ ವಂಶವಾಹಿ ಒಳಗಿವಿಯ ರಚನೆಯನ್ನು ಕೆಡಿಸುವುದರಿಂದ ಹಾವಿಗೆ ಸಮತೋಲನ ತಪ್ಪುತ್ತದೆ. ಇಲಿಯತ್ತ ಬಾಯಿ ಹಾಕುವಾಗ ಅದರ ತಲೆ ಓಲಾಡುವುದನ್ನೂ, ಕೆಲವೊಮ್ಮೆ ಕತ್ತು ತಿರುಚಿಕೊಂಡು ಗಂಟಲಿನ ಭಾಗ ಮೇಲಾಗುವುದನ್ನೂ ಹತ್ತಿರದಿಂದ ಕಂಡವರು ಅದನ್ನು ಬರಿಯ ಚೇಷ್ಟೆ ಎನ್ನಲಾರರು. ಸ್ಪೈಡರ್ ಮತ್ತು ಅದರ ಮಿಶ್ರತಳಿಗಳನ್ನು ನಾನು ಸಾಕುವುದಿಲ್ಲ. ಬಯಸಿದ ಒಂದು ಮರಿಯ ಜೊತೆಗೆ ಹುಟ್ಟುವ ಸಾಧಾರಣ ಬಣ್ಣದ ಮರಿಗಳ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಅವು ಮೂವತ್ತು ವರ್ಷ ಬದುಕಬಲ್ಲ ಜೀವಿಗಳಾಗಿದ್ದರೂ ಅವುಗಳ ಬೆಲೆ ವರ್ಷವೊಂದರ ಇಲಿಯ ಖರ್ಚಿಗೂ ಸಾಲದು. ಬೆಲೆ ಕುಸಿಯುವ ಕಾರಣವೂ ಸರಳವಾದದ್ದು. ನಾನು ಮಾರಿದ ಹೆಣ್ಣುಮರಿ ಮೂರ್ನಾಲ್ಕು ವರ್ಷಗಳಲ್ಲಿ ಬೆಳೆದು, ಕೊಂಡವರ ಮನೆಯಲ್ಲಿಯೇ ಅದೇ ಬಣ್ಣದ ಮರಿಗಳನ್ನು ಹುಟ್ಟಿಸುತ್ತದೆ. ಒಂದು ಕಾಲಕ್ಕೆ ಸಾವಿರಾರು ಡಾಲರ್ ಬೆಲೆಯಿದ್ದ, ಮೈಮೇಲೆ ಅಲ್ಲಲ್ಲಿ ಅಚ್ಚ ಬಿಳಿ ಭಾಗಗಳಿರುವ ಪೈಬಾಲ್ಡ್ ತಳಿ ಇಂದು ಕೆಲವು ನೂರು ಡಾಲರಿಗೆ ಸಿಗುತ್ತದೆ. ಆದ್ದರಿಂದ ಈ ವ್ಯಾಪಾರದಲ್ಲಿರುವವರು ಪ್ರತಿ ವರ್ಷವೂ ಹೊಸದೊಂದು ಮಿಶ್ರಣವನ್ನು ಹುಡುಕುತ್ತಲೇ ಇರಬೇಕಾಗುತ್ತದೆ.

ಅಂಗೋಲಾ ಹೆಬ್ಬಾವಿನ ವಿಷಯ ಬೇರೆ. 1887ರಲ್ಲಿ ಪ್ರಾಣಿಶಾಸ್ತ್ರಜ್ಞ ಬೊಕಾಜ್ ಅವರು ಈ ಹಾವನ್ನು ವಿಜ್ಞಾನಕ್ಕೆ ಪರಿಚಯಿಸಿ, ಅಂಗೋಲಾದಲ್ಲಿ ಪ್ರಾಣಿಗಳನ್ನು ಸಂಗ್ರಹಿಸುತ್ತಿದ್ದ ಪೋರ್ಚುಗಲ್‌ನ ಆಂಶಿಯೇಟ ಅವರ ಹೆಸರನ್ನು ಇದಕ್ಕೆ ಇಟ್ಟರು. 1975ರಿಂದ 2002ರವರೆಗೆ ಅಂಗೋಲಾದಲ್ಲಿ ಅಂತರ್ಯುದ್ಧ ನಡೆದಿದ್ದರಿಂದ ಆ ಪ್ರದೇಶಕ್ಕೆ ಹೋಗುವುದೇ ದುಸ್ತರವಾಗಿತ್ತು, ಹಾಗಾಗಿ ಸಾಕಣೆಗೆ ಬಂದ ಹಾವುಗಳು ಬಹಳ ಕಡಿಮೆ. ಇಂದು ನಮ್ಮಂಥವರ ಬಳಿ ಇರುವವು ಆ ಕೆಲವೇ ಹಾವುಗಳ ಸಂತತಿ. ಇದರ ತಲೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದಾಗ ನನಗೆ ಅಚ್ಚರಿಯಾಗಿತ್ತು. ಬಾಲ್ ಪೈಥಾನ್‌ನ ನೆತ್ತಿಯ ಮೇಲಿನ ಹುರುಪೆಗಳು ಅಗಲವಾಗಿ, ನಯವಾಗಿ ಇದ್ದರೆ, ಇದರ ನೆತ್ತಿಯ ತುಂಬ ಪುಟ್ಟ ಮಣಿಗಳನ್ನು ಒತ್ತೊತ್ತಾಗಿ ಪೋಣಿಸಿದ ಹಾಗೆ ಉಬ್ಬಿದ ಹುರುಪೆಗಳು; ಬೆರಳಾಡಿಸಿದರೆ ಒಂದೊಂದೂ ಬೇರೆಬೇರೆಯಾಗಿ ತಾಗುತ್ತದೆ. ಮೈ ಕೆಂಪುಗಂದು, ಅದರ ಮೇಲೆ ಕಪ್ಪಂಚಿನ ಬಿಳಿಯ ಪಟ್ಟಿಗಳು.

ಬಾಲ್ ಪೈಥಾನ್ ಹೆಣ್ಣು ಸುಮಾರು ಒಂದೂವರೆ ಕಿಲೋ ತೂಗುವಂತಾದ ಮೇಲೆ, ನವೆಂಬರ್ ಹೊತ್ತಿಗೆ ರಾತ್ರಿಯ ಶಾಖವನ್ನು ತುಸು ತಗ್ಗಿಸಿ ಗಂಡನ್ನು ಜೊತೆಗೆ ಬಿಟ್ಟರೆ ಬಹುತೇಕ ಕೆಲಸ ತಾನಾಗಿಯೇ ನಡೆಯುತ್ತದೆ. ಅಂಡ ಬಿಡುಗಡೆಯಾದಾಗ ಹೊಟ್ಟೆಯ ನಡುಭಾಗ ಒಂದು ದಿನದ ಮಟ್ಟಿಗೆ ಊದಿಕೊಳ್ಳುತ್ತದೆ, ಬಳಿಕ ಅದು ಪೊರೆ ಬಿಡುತ್ತದೆ, ಪೊರೆ ಬಿಟ್ಟ ಸುಮಾರು ಒಂದು ತಿಂಗಳಿಗೆ ಮೊಟ್ಟೆಯಿಡುತ್ತದೆ. 31ರಿಂದ 32 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎರಡು ತಿಂಗಳು ತುಂಬುವ ಹೊತ್ತಿಗೆ ಮರಿಗಳು ಮೊಟ್ಟೆ ಸೀಳಿ ತಲೆ ಹೊರಹಾಕುತ್ತವೆ. ಈ ಕ್ರಮವನ್ನು ಇಷ್ಟು ನಿಖರವಾಗಿ ಹೇಳಲು ಸಾಧ್ಯವಾಗುವುದಕ್ಕೆ ಸಾವಿರಾರು ಮಂದಿ ಇದನ್ನು ಮಾಡಿ ನೋಡಿರುವುದೇ ಕಾರಣ.

ಅಂಗೋಲಾ ಹೆಬ್ಬಾವಿಗೆ ಅಂಥ ಸಿದ್ಧ ಪಾಠ ಇರಲಿಲ್ಲ. ಅದರ ನಾಡಿನ ಹವಾಮಾನವನ್ನೇ ನಾನು ಗುರುವಾಗಿಟ್ಟುಕೊಂಡೆ. ಅಲ್ಲಿನ ಒಣ ಚಳಿಗಾಲದ ರಾತ್ರಿಗಳು ಚೆನ್ನಾಗಿ ತಣಿಯುತ್ತವೆ, ಹಗಲು ಬಂಡೆಗಳು ಕಾಯುತ್ತವೆ, ಆಮೇಲೆ ಮಳೆಗಾಲ ಬರುತ್ತದೆ. ಪೆಟ್ಟಿಗೆಯಲ್ಲಿ ಕಲ್ಲಿನ ಚಪ್ಪಡಿಗಳನ್ನಿಟ್ಟು, ನೆಲವನ್ನು ಒಣದಾಗಿರಿಸಿ, ಹಗಲು–ರಾತ್ರಿಯ ಶಾಖದ ಅಂತರವನ್ನು ಬಾಲ್ ಪೈಥಾನ್‌ಗೆ ಕೊಡುವುದಕ್ಕಿಂತ ಹೆಚ್ಚಿಸಿದ ಮೇಲೆಯೇ ನನ್ನ ಗಂಡು ಹೆಣ್ಣಿನ ಕಡೆ ಆಸಕ್ತಿ ತೋರಿಸಿತು. ಬೇರೆಯವರಿಗೂ ಇದೇ ಕ್ರಮ ಫಲಿಸುತ್ತದೆ ಎಂದು ನಾನು ಹೇಳಲಾರೆ, ಏಕೆಂದರೆ ನನ್ನ ಬಳಿ ಇರುವುದು ಕೆಲವೇ ಹಾವುಗಳು. ಹೆಣ್ಣು ಪ್ರತಿ ವರ್ಷ ಮೊಟ್ಟೆಯಿಡುವುದಿಲ್ಲ. ಇಟ್ಟಾಗ ನಾಲ್ಕೈದು, ಅವೂ ಅದರ ಮೈಗೆ ಹೋಲಿಸಿದರೆ ದೊಡ್ಡವು. ಕತ್ತಲೆಯಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿದಾಗ ಗುಲಾಬಿ ಬೆಳಕಿನಲ್ಲಿ ಕವಲೊಡೆದ ಕೆಂಪು ನರಗಳು ಕಂಡರೆ ಅದರಲ್ಲಿ ಜೀವವಿದೆ ಎಂದರ್ಥ. ಬರಿಯ ಹಳದಿಯಾಗಿ ಕಂಡರೆ ಇಲ್ಲ.

ಮರಿಗಳಿಗೆ ಮೊದಲ ಊಟ ಮಾಡಿಸುವುದೂ ತಾಳ್ಮೆಯ ಕೆಲಸವೇ. ಬಿಳಿ ಇಲಿಮರಿಯನ್ನು ತಿರಸ್ಕರಿಸಿದ ಮರಿಗೆ ಆಫ್ರಿಕದ ಮೃದುರೋಮದ ಇಲಿಯ ಮರಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ದೀಪ ಆರಿಸಿದ ಮೇಲೆ ಅದರ ಅಡಗುತಾಣದ ಬಾಯಿಯಲ್ಲಿಟ್ಟು ಬರುತ್ತೇನೆ. ತುಟಿಯಂಚಿನ ಕುಳಿಗಳಿಂದ ಹಾವಿನ ಮರಿ ಶಾಖವನ್ನು ಗ್ರಹಿಸುವುದರಿಂದ ಇಲಿ ಬೆಚ್ಚಗಿರುವುದು ಅಗತ್ಯ.

ಆದರೆ ಈ ಜಾತಿಯಲ್ಲಿ ನಿಜವಾದ ಕೆಲಸ ನಡೆಯುವುದು ನೋಟ್‌ಬುಕ್ಕಿನಲ್ಲಿ. ಯಾವ ಹಾವು ಯಾರಿಂದ ಬಂತು, ಅದರ ತಂದೆತಾಯಿ ಯಾವುವು, ಅವು ಮೂಲತಃ ಯಾವ ಆಮದಿನ ಸಂತತಿ ಎಂಬುದು ತಿಳಿಯದಿದ್ದರೆ, ನೋಡಲು ಆರೋಗ್ಯವಾಗಿರುವ ಜೋಡಿಯನ್ನೂ ನಾನು ಕೂಡಿಸುವುದಿಲ್ಲ. ಒಂದು ಸಾಕಣೆಯ ಸಂತತಿಗೆ ಬುಡವಾದ ಮೂಲ ಹಾವುಗಳ ಸಂಖ್ಯೆ ಎಷ್ಟು ಚಿಕ್ಕದಿರಬಹುದು ಎಂಬುದಕ್ಕೆ ಆಸ್ಟ್ರೇಲಿಯದ ಕಿಂಬರ್ಲಿ ಪ್ರದೇಶದ ಒರಟು ಹುರುಪೆಯ ಹೆಬ್ಬಾವು ಉದಾಹರಣೆ. ಸಾಕಣೆಯಲ್ಲಿರುವ ಆ ಜಾತಿಯ ಹಾವುಗಳೆಲ್ಲ ಜಾನ್ ವೈಗೆಲ್ ಅವರು ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್‌ಗೆ ತಂದ ಐದೇ ಹಾವುಗಳ ವಂಶದವು. ಇಂಥ ಚಿಕ್ಕ ಬುಡದಿಂದ ಬಂದ ಸಂತತಿಯಲ್ಲಿ ಅಣ್ಣತಂಗಿಯರನ್ನು ಕೂಡಿಸಿ ವಿಚಿತ್ರ ಬಣ್ಣವೊಂದನ್ನು ಹೊರತೆಗೆಯುವ ಆಸೆಗೆ ಬೀಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಣಕ್ಕೆ ಕೊಡಬಹುದಾಗಿದ್ದ ಗಂಡುಮರಿಯೊಂದನ್ನು ನಾನು ಇನ್ನೊಂದು ರಾಜ್ಯದ ಸಾಕಣೆದಾರರಿಗೆ, ಸಂಬಂಧವಿಲ್ಲದ ಹೆಣ್ಣುಮರಿಗೆ ಬದಲಾಗಿ ಕೊಟ್ಟೆ. ಆ ವರ್ಷ ನಾನು ಮಾಡಿದ ಅತ್ಯಂತ ಲಾಭದ ವ್ಯವಹಾರ ಅದೇ ಎಂದು ಈಗಲೂ ನಂಬಿದ್ದೇನೆ.

ಮನೆಯಲ್ಲಿ ಹುಟ್ಟಿದ ಈ ಮರಿಗಳು ಅಂಗೋಲಾದ ಬಂಡೆಗಳಿಗೆ ಮರಳುವುದಿಲ್ಲ, ಹಾಗಾಗಿ ಇದನ್ನು ಸಂರಕ್ಷಣೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಸಾಕುವ ಆಸೆಯುಳ್ಳವರಿಗೆ ಕಾಡಿನಿಂದ ಹಿಡಿದ ಹಾವು ಬೇಡವಾಗುವಂತೆ ಮಾಡಬಹುದು, ಅಷ್ಟೇ. ಅದಕ್ಕೆ ಬೇಕಾದ ವಿದ್ಯುತ್ತಿನ ಮತ್ತು ಇಲಿಗಳ ಖರ್ಚನ್ನು ಇವತ್ತಿಗೂ ನನ್ನ ಬಾಲ್ ಪೈಥಾನ್‌ಗಳೇ ಭರಿಸುತ್ತವೆ. ಪೈಬಾಲ್ಡ್ ಮತ್ತು ಕ್ಲೌನ್ ತಳಿಗಳನ್ನು ಮಾತ್ರ ಉಳಿಸಿಕೊಂಡು, ಉಳಿದ ತಳಿಗಳ ಜಾಗವನ್ನು ಅಂಗೋಲಾ ಹಾವುಗಳಿಗೆ ಬಿಟ್ಟುಕೊಟ್ಟಿದ್ದೇನೆ.

ಊರಿನಿಂದ ಕರೆ ಮಾಡುವ ಕಿರಿಯರು ತಾವೂ ಸಾಕಬಹುದೇ ಎಂದು ಕೇಳುತ್ತಾರೆ. ನಮ್ಮ ನಾಡಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ವಿದೇಶಿ ಹಾವುಗಳ ಕಥೆ ಇನ್ನೂ ನೋವಿನದು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಬೇರೆಬೇರೆ ಬಣ್ಣದ 55 ಬಾಲ್ ಪೈಥಾನ್‌ಗಳು ಮತ್ತು 17 ಕಾಳಿಂಗ ಸರ್ಪಗಳು ಸಿಕ್ಕಿದವು. ಅಲ್ಲಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು. ಬಣ್ಣದ ಮೋಹ ಎಲ್ಲಿಗೆ ತಲುಪುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಸುದ್ದಿಯನ್ನೇ ಹೇಳುತ್ತೇನೆ.

ಅಮೆರಿಕದಲ್ಲಿ ನನ್ನಿಂದ ಅಂಗೋಲಾ ಮರಿ ಕೊಳ್ಳಬಯಸುವವರನ್ನು ನಾನು ಮೊದಲು ಕೇಳುವುದು ಅವರ ಬಳಿ ಈಗಾಗಲೇ ಇರುವ ಹಾವುಗಳ ವಂಶದ ವಿವರವನ್ನು. ಮರಿಯ ಜೊತೆಗೆ ಅದರ ವಂಶಾವಳಿಯ ಪ್ರತಿಯನ್ನೂ ಕೊಡುತ್ತೇನೆ, ಮುಂದೆ ಆ ಹಾವನ್ನು ಬೇರೆಯವರಿಗೆ ಕೊಡುವಾಗ ಪ್ರತಿಯನ್ನೂ ಕೊಡುವುದಾಗಿ ಒಪ್ಪಿದವರಿಗೆ ಮಾತ್ರ ಮಾರುತ್ತೇನೆ.