ಕಮ್ಮಿ ದುಡ್ಡಲ್ಲಿ ಮೊದಲ್ನೇ ರೋಡ್ ಸೈಕಲ್ ತಗೊಳ್ಳೋದು ಹೇಗೆ

ಫಸ್ಟು ಸೈಜ್ ನೋಡ್ರಪ್ಪ, ಬ್ರ್ಯಾಂಡು ಬಣ್ಣ ಎಲ್ಲ ಆಮೇಲೆ. ಟಾಪ್ ಟ್ಯೂಬಿನ (ಸೀಟ್ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗೋ ಮೇಲಿನ ಕಂಬಿ) ಆಚೆಗೊಂದು ಈಚೆಗೊಂದು ಕಾಲು ಹಾಕಿ ನಿಂತಾಗ ಸ್ವಲ್ಪ ಗ್ಯಾಪ್ ಇರ್ಬೇಕು, ಹ್ಯಾಂಡಲ್ ಹಿಡ್ಕೊಂಡ್ರೆ ಮೊಣಕೈ ಸ್ವಲ್ಪ ಬಗ್ಗಿರ್ಬೇಕು, ಕೈ ಪೂರ್ತಿ ಚಾಚ್ಬೇಕು ಅಂದ್ರೆ ಆ ಸೈಜ್ ನಿಮ್ಗಲ್ಲ, ಎಷ್ಟೇ ಡಿಸ್ಕೌಂಟ್ ಕೊಟ್ರೂ ಬೇಡ.

ಗೇರ್ ವಿಷ್ಯಕ್ಕೆ ಬಂದ್ರೆ ಶಿಮಾನೋ ಕಂಪನಿಯ ಗೇರ್ ಸೆಟ್‌ಗಳಲ್ಲಿ ಕ್ಲಾರಿಸ್ 8 ಸ್ಪೀಡು, ಅಂದ್ರೆ ಹಿಂದೆ 8 ಹಲ್ಲುಚಕ್ರ, ಸೋರಾ 9. ಶುರು ಮಾಡೋರಿಗೆ ಕ್ಲಾರಿಸ್ ಧಾರಾಳ ಸಾಕು, ಬ್ರೇಕ್ ಲಿವರಲ್ಲೇ ಗೇರೂ ಬದಲಾಯಿಸ್ಬೋದು. ಆದ್ರೆ ನಂದಿ ಬೆಟ್ಟ ಹತ್ತೋ ಆಸೆ ಇದ್ರೆ ಹಿಂದೆ ಕ್ಯಾಸೆಟ್ಟಲ್ಲಿ (ಹಿಂದಿನ ಹಲ್ಲುಚಕ್ರಗಳ ಗೊಂಚಲು) 32 ಹಲ್ಲಿಂದು ಇದ್ಯಾ, ಮುಂದೆ ಪೆಡಲ್ ಹತ್ರದ ಚಿಕ್ಕ ಹಲ್ಲುಚಕ್ರ 34 ಹಲ್ಲಿಂದಾ ಅಂತ ಕೇಳಿ, ಕೊನೆ ತಿರುವುಗಳಲ್ಲಿ ಮಂಡಿ ಉಳಿಸೋದು ಅದೇ. ಟೈರ್ 28 ಎಂಎಂ ಹಿಡಿಯೋ ಫ್ರೇಮ್ ನೋಡಿ, ನಮ್ಮ ಹಂಪು ಗುಂಡಿಗೆ 23 ಆಗಲ್ಲ. ತೀರಾ ಅಗ್ಗದ ಡಿಸ್ಕ್ ಬ್ರೇಕ್‌ಗಿಂತ ಚಕ್ರದ ರಿಮ್ಮನ್ನೇ ಹಿಡಿಯೋ ಒಳ್ಳೆ ರಿಮ್ ಬ್ರೇಕೇ ವಾಸಿ ಅಂತೀನಿ ನಾನು.

ಸೆಕೆಂಡ್ ಹ್ಯಾಂಡ್ ಆದ್ರೆ ಅಲ್ಯೂಮಿನಿಯಂ ಫ್ರೇಮಿಂದು ತಗೊಳ್ಳಿ, ವೆಲ್ಡ್ ಹತ್ರ ಬಿರುಕು ಇದ್ಯಾ ಅಂತ ಬೆಳಕಲ್ಲಿ ನೋಡಿ, ಕಾರ್ಬನ್ ಫೈಬರ್ ಫ್ರೇಮ್ ಆದ್ರೆ ಒಳಗಿನ ಪೆಟ್ಟು ಎಷ್ಟೋ ಸಲ ಕಣ್ಣಿಗೇ ಕಾಣಲ್ಲ. ಮತ್ತೆ ಹೆಲ್ಮೆಟ್, ಲೈಟು, ಪಂಪು, ಸ್ಪೇರ್ ಟ್ಯೂಬಿಗೆ ದುಡ್ಡು ಮೊದ್ಲೇ ತೆಗ್ದಿಟ್ಟು ಉಳಿದಿದ್ರಲ್ಲಿ ಸೈಕಲ್ ಹುಡ್ಕಿ.