ಇಂಟರ್‌ಕೂಲರಿಗೆ ಕೊಳವೆ ಆರಿಸಿದ ಬಗೆ: ನನ್ನ ಅನುಭವ

ಹಳೆಯ ಡೀಸೆಲ್ ಜೀಪಿನ ಟರ್ಬೊ ಎಂಜಿನ್ನಿಗೆ ಮನೆಯಲ್ಲೇ ಇಂಟರ್‌ಕೂಲರ್ (ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ಎಂಜಿನ್ ಸೇರುವ ಮುನ್ನ ತಣಿಸುವ ಸಾಧನ) ಅಳವಡಿಸುವಾಗ ನನಗೆ ತಲೆನೋವಾದದ್ದು ಕೂಲರ್ ಅಲ್ಲ, ಅದರ ಕೊಳವೆಗಳು. ಅಗ್ಗವೆಂದು ಹಲವರು ಸೂಚಿಸುವ ಪಿವಿಸಿಯನ್ನು ಲೆಕ್ಕ ಹಾಕಿದೊಡನೆ ಕೈಬಿಟ್ಟೆ: 35 ಡಿಗ್ರಿಯ ಹೊರಗಾಳಿಯ ಒತ್ತಡವನ್ನು ಟರ್ಬೊ ಎರಡು ಪಟ್ಟು ಏರಿಸಿದಾಗ, ಅದರೊಳಗೆ ಗಾಳಿಯನ್ನು ಒತ್ತುವ ಕಂಪ್ರೆಸರಿನ ದಕ್ಷತೆ ಶೇ 70 ಎಂದಿಟ್ಟುಕೊಂಡರೆ, ಹೊರಬರುವ ಗಾಳಿ ಸುಮಾರು 130 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಪಿವಿಸಿಯಾದರೋ 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ, ಆದರೆ ಭಾರ. ಮೈಲ್ಡ್ ಸ್ಟೀಲಿನ ಒಳಮೈಯಿಂದ ತುಕ್ಕಿನ ಚಕ್ಕೆ ಎದ್ದರೆ ಅದು ಸೇರುವುದು ಎಂಜಿನ್ನಿನ ಹೊಟ್ಟೆಗೇ. ಹಾಗಾಗಿ 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕೊಳವೆಯನ್ನೂ, ಎಂಜಿನ್ನಿನ ಅಲುಗಾಟ ತಡೆದುಕೊಳ್ಳಲೆಂದು ಜೋಡಣೆಗಳಿಗೆ ಬಟ್ಟೆಯ ಪದರಗಳಿರುವ ಸಿಲಿಕೋನ್ ಹೋಸನ್ನೂ ಆರಿಸಿದೆ.

ಆದರೂ ಘಾಟಿಯ ಏರಿನಲ್ಲಿ ಹೋಸ್ ಜಾರಿ ಕಳಚುತ್ತಿತ್ತು. ಬಿಚ್ಚಿ ನೋಡಿದರೆ ಕೊಳವೆಯ ನುಣುಪಾದ ತುದಿಗೆ ಟರ್ಬೊದಿಂದ ಬಂದ ಎಣ್ಣೆಯ ಜಿಡ್ಡು ಹತ್ತಿತ್ತು. ಬರಿಯ ಕ್ಲ್ಯಾಂಪಿನ ಬಿಗಿತ ಅಲ್ಲಿ ಸಾಲದು. ವೆಲ್ಡರ್ ತುದಿಯ ಸುತ್ತಲೂ ಸಣ್ಣ ಏಣು ಎಬ್ಬಿಸಿಕೊಟ್ಟರು, ಅದರ ಹಿಂದೆ ಟಿ-ಬೋಲ್ಟ್ ಕ್ಲ್ಯಾಂಪ್ (ಬೋಲ್ಟಿನಿಂದ ಬಿಗಿಯುವ ಲೋಹದ ಪಟ್ಟಿ) ಬಿಗಿದ ಮೇಲೆ ಹೋಸ್ ಕದಲಿಲ್ಲ. ಬರಿ ಸಿಲಿಕೋನ್ ಎಣ್ಣೆ ಹೀರಿ ಉಬ್ಬುವುದರಿಂದ, ಟರ್ಬೊ ಬಾಯಿಯ ಜೋಡಣೆಗೆ ಮಾತ್ರ ಎಣ್ಣೆಗೆ ಜಗ್ಗದ ಫ್ಲೋರೋಸಿಲಿಕೋನ್ ಒಳಪದರದ ಹೋಸ್ ಹಾಕಿದ್ದೇನೆ. ಬೆಲೆ ಹೆಚ್ಚು, ಆದರೆ ಬೇಕಾದದ್ದು ಗೇಣುದ್ದದ ತುಂಡು ಮಾತ್ರ.