‘ಕೇರ್’ ಸರಿಹೋಗಿದ್ದು ಕನ್ನಡದಿಂದ: ನನ್ನ ಅನುಭವ

ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಫೀಸ್ ವಾಪಸ್ ಕೇಳ್ತಾರೆ ನೋಡಿ ಅಂತ ಜೊತೆಯ ಮೇಷ್ಟ್ರುಗಳು ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ಬಂದು ನನ್ನ ಚೀಟಿ ಆಟ ಕೇಳಿಕೊಂಡು ಹೋಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆಯ ವಿದ್ಯಾನಗರದಲ್ಲಿ ಮಹಡಿ ಮೇಲೆ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸ್. ಜಾಸ್ತಿ ಬರುವವರು ಜಗಳೂರು, ಹೊನ್ನಾಳಿ ಕಡೆಯ ನರ್ಸಿಂಗ್ ಹುಡುಗಿಯರು. ಕೇರ್ ಅನ್ನದೆ ಅವರಿಗೆ ದಿನ ಕಳೆಯಲ್ಲ. ಆದರೆ ಬಾಯಿ ಬಿಟ್ಟರೆ ‘ಐ ಕೇರ್ ದಿ ಪೇಷಂಟ್’. ತಿದ್ದಿದರೆ ‘ಐ ಕೇರ್ ಆಫ್ ದಿ ಪೇಷಂಟ್’.

ಮೊದಲು ಫ್ಲೆಕ್ಸ್ ಮಾಡಿಸಿದೆ. ಕೇರ್ ಜೊತೆ ಬರುವ ಅಬೌಟ್, ಫಾರ್, ಆಫ್, ಅಂಡರ್, ವಿತ್, ಒಂದೊಂದಕ್ಕೆ ಒಂದೊಂದು ಬಣ್ಣ. ಏಳೆಂಟು ನೂರು ಹೋಯಿತು. ಗೋಡೆ ಕಡೆ ಮುಖ ಇದ್ದಾಗ ಎಲ್ಲ ಸರಿ, ಬೆನ್ನು ತಿರುಗಿಸಿದರೆ ಮತ್ತೆ ಅದೇ ರಾಗ. ಆಮೇಲೆ ಬಿಟ್ಟ ಸ್ಥಳ ತುಂಬುವ ಪುಸ್ತಕ, 200 ಪ್ರತಿ, ಹತ್ತಿರ ಹತ್ತಿರ 8 ಸಾವಿರ. ಅರವತ್ತು ಪ್ರತಿ ಖರ್ಚಾಗಿರಬೇಕು. ಒಂದಷ್ಟು ಮಂಡಕ್ಕಿ ಅಂಗಡಿಗೆ ಹೋದವು. ಮಿರ್ಚಿಯ ಎಣ್ಣೆ ಚೆನ್ನಾಗಿ ಹೀರುತ್ತಿದ್ದವಂತೆ.

ಕಣ್ಣು ತೆರೆಸಿದ್ದು ಒಬ್ಬ ಹುಡುಗಿಯ ಇಂಟರ್‌ವ್ಯೂ. ನೈಟ್ ಡ್ಯೂಟಿ ಮಾಡ್ತೀಯಾ ಅಂದಿದ್ದಕ್ಕೆ ‘ಐ ಡೋಂಟ್ ಕೇರ್ ಅಬೌಟ್ ನೈಟ್ ಡ್ಯೂಟಿ’ ಅಂದಳು. ವ್ಯಾಕರಣ ಸರಿಯಾಗೇ ಇದೆ! ನೈಟ್ ಡ್ಯೂಟಿಗೆಲ್ಲ ಕೇರ್ ಮಾಡಲ್ಲ, ಅಂದರೆ ಹೆದರಲ್ಲ ಅನ್ನುವುದು ಅವಳ ಮನಸ್ಸಿನಲ್ಲಿದ್ದದ್ದು. ಕೇಳಿದವರಿಗೆ ಈ ಹುಡುಗಿಗೆ ಕೆಲಸ ಅಂದ್ರೆ ಅಸಡ್ಡೆ ಅನ್ನಿಸಿತು. ‘ಐ ಡೋಂಟ್ ಮೈಂಡ್’ ಅಂದಿದ್ದರೆ ಸಾಕಿತ್ತು. ನಮ್ಮ ‘ಕೇರ್ ಮಾಡು’ ಬೇರೆ, ಅವರ ಕೇರ್ ಬೇರೆ ಅಂತ ಅವತ್ತು ಹೊಳೆಯಿತು.

ಅಲ್ಲಿಂದ ಪಾಠ ತಿರುಗಿಸಿದೆ. ಇಂಗ್ಲಿಷ್ ಬಾಯಿಗೆ ಬರುವ ಮುಂಚೆ ಕನ್ನಡದ ಕ್ರಿಯಾಪದ ಹೇಳಬೇಕು, ಅದನ್ನೇ ಚೀಟಿಗಳಲ್ಲಿ ಬರೆದು ಆಡಿಸುವುದು ನನ್ನ ಚೀಟಿ ಆಟ. ತಲೆ ಕೆಡಿಸಿಕೊಳ್ಳೋದು, ಮನಸ್ಸಿಗೆ ಹಚ್ಚಿಕೊಳ್ಳೋದು ಆದರೆ ಅಬೌಟ್. ನೋಡಿಕೊಳ್ಳೋದು ಆದರೆ ಫಾರ್, ಇಲ್ಲವೇ ಮುಂದೆ ‘ಟೇಕ್’ ಹಾಕಿ ಆಫ್. ತಪ್ಪಿನ ಬೇರು ಇಲ್ಲೇ ಇತ್ತು. ‘ಅಮ್ಮನನ್ನು ನೋಡಿಕೊಳ್ತೀನಿ’ ಅನ್ನುವಾಗಿನ ‘ಅನ್ನು’ಗೆ ಇಂಗ್ಲಿಷಲ್ಲಿ ಏನೂ ಬೇಡ ಅಂತ ಅವರೇ ಲೆಕ್ಕ ಹಾಕಿಕೊಂಡಿದ್ದರು. ಅದಕ್ಕೇ ಫಾರ್ ಮಾಯ. ವಾರ್ಡಿನಲ್ಲಿ ಪೇಷಂಟ್‌ಗೆ ಕೇರ್ ಫಾರ್ ಮಾಡಿಯೂ ಅವನ ಬಗ್ಗೆ ಕೇರ್ ಅಬೌಟ್ ಇಲ್ಲದೆ ಇರಬಹುದು ಅಂದೆ. ಎಲ್ಲರೂ ನಕ್ಕರು. ತಮ್ಮ ಸೀನಿಯರ್ ಯಾರೋ ನೆನಪಾದರು ಅನ್ನಿಸುತ್ತೆ.

ಫಾರ್‌ಗೆ ಇನ್ನೊಂದು ಮುಖ ಇದೆ: ‘ವುಡ್ ಯು ಕೇರ್ ಫಾರ್ ಟೀ?’ ಬೇಕಾ ಅಂತ ಅರ್ಥ, ಸ್ವಲ್ಪ ಹಳೇ ಕಾಲದ ಮರ್ಯಾದೆ. ಬೆಣ್ಣೆ ದೋಸೆ ತಿನ್ನುವಾಗ ಹುಡುಗಿಯರ ಮೇಲೆ ಪ್ರಯೋಗ ಮಾಡಿದೆ. ‘ನೋ ಸರ್, ಐ ಟೇಕ್ ಕೇರ್ ಆಫ್ ಟೀ’ ಅಂದಳು ಒಬ್ಬಳು. ಟೀ ಬಿಲ್ ಅವಳೇ ಕೊಡ್ತಾಳೆ ಅಂತ ಅಂದುಕೊಂಡೆ. ಕೊಡಲಿಲ್ಲ.

ವಿಳಾಸದಲ್ಲಿ ಬರೆಯುವ ಕೇರಾಫ್‌ಗೆ ಕಷ್ಟಪಡಲಿಲ್ಲ. ಕಾಗದ ನಿನ್ನದು, ಮನೆ ಓನರ್‌ದು, ಅಷ್ಟೆ. ಪಿಜಿಯಲ್ಲಿ ಇರೋರಿಗೆ ತಕ್ಷಣ ಅರ್ಥವಾಗುತ್ತೆ.

ಈಗ ಬ್ಯಾಚಿನ 30 ಜನರಲ್ಲಿ ಐದಾರು ಜನ ಮಾತ್ರ ತಪ್ಪುತ್ತಾರೆ. ಮೊದಲು ಇಪ್ಪತ್ತು ದಾಟುತ್ತಿತ್ತು. ಚೀಟಿ ಹೇಗೆ ಬರೆಯೋದು ನಿಮಗೇ ಗೊತ್ತು. ಯಾವ ಚೀಟಿ ಆದಮೇಲೆ ಯಾವುದು ಅನ್ನುವುದನ್ನು ಇಲ್ಲಿ ಹೇಳಲ್ಲ, ಫೀಸ್ ಬರೋದೇ ಅದರಿಂದ.

ಹುಮ್ಮಸ್ಸಿನಲ್ಲಿ ಇದೇ ದಾರಿಯನ್ನು ‘ಡಿಸ್ಕಸ್’ಗೂ ಹಿಡಿದೆ, ಕೈ ಕೊಟ್ಟಿತು. ‘ಬಗ್ಗೆ ಚರ್ಚೆ’ ಅಂದ ಕೂಡಲೇ ‘ಡಿಸ್ಕಸ್ ಅಬೌಟ್’ ಅಂದರು. ಅಲ್ಲಿ ಅಬೌಟ್ ಬೇಡವೇ ಬೇಡ. ಕೇರ್‌ನಲ್ಲಿ ಕಾಪಾಡಿದ ‘ಬಗ್ಗೆ’ ಇಲ್ಲಿ ಹಳ್ಳಕ್ಕೆ ತಳ್ಳಿತು. ಅದಕ್ಕೆ ಬೇರೆ ಚೀಟಿ ಬರೆಯುತ್ತಿದ್ದೇನೆ, ಅಟ್ಟದಲ್ಲಿ ಉಳಿದ ಪುಸ್ತಕಗಳ ಹಿಂಬದಿ ಖಾಲಿ ಹಾಳೆಯಲ್ಲೇ.